ಕಾರ್ಬನ್ ಸಂಯುಕ್ತಗಳ ಕುಟುಂಬಗಳು: ಮಲ್ಲಿಗೆ, ಹುಣಸೆ, ಶೇಂಗಾ ಎಣ್ಣೆಯ ಆಧಾರದಲ್ಲಿ ಒಂದು ಅಧ್ಯಯನ

(ಹತ್ತನೇ ತರಗತಿ ವಿಜ್ಞಾನದ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಅಧ್ಯಾಯಕ್ಕೆ ಪೂರಕ ಲೇಖನ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಪ್ರೌಢಶಾಲಾ ವಿದ್ಯಾರ್ಥಿಗಳು ಹಾಗೂ ವಿಜ್ಞಾನ ಶಿಕ್ಷಕರ ಉಪಯೋಗಕ್ಕಾಗಿ.)

‘ಸಾವಯವ’ ಎಂಬ ಪದವನ್ನು ವಿದ್ಯಾರ್ಥಿಯು ಎರಡು ಕಡೆ ಕೇಳುತ್ತಾನೆ. ಹೊಲದಲ್ಲಿ ಅದರ ಅರ್ಥ, ಯೂರಿಯಾ ಹಾಕದೆ, ರಾಸಾಯನಿಕ ಕೀಟನಾಶಕ ಸಿಂಪಡಿಸದೆ ಮಾಡುವ ಬೇಸಾಯ. ತರಗತಿಯಲ್ಲಾದರೋ ಯೂರಿಯಾವೇ ಸಾವಯವ ಸಂಯುಕ್ತ. ಕೀಟನಾಶಕಗಳಲ್ಲಿ ಬಹುಪಾಲು ಸಾವಯವ ಸಂಯುಕ್ತಗಳೇ. ಈ ಎರಡು ಅರ್ಥಗಳು ಒಂದೇ ಬೇರಿನಿಂದ ಹುಟ್ಟಿ ಬೇರೆ ಬೇರೆ ದಿಕ್ಕಿಗೆ ಬೆಳೆದವು. ಆ ಕವಲು ಎಲ್ಲಿ ಒಡೆಯಿತೆಂದು ತಿಳಿದರೆ ಅಧ್ಯಾಯದ ಅರ್ಧ ಭಾಗ ತಿಳಿದಂತೆ.

ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ವಸ್ತುಗಳನ್ನು ಅವು ಬಂದ ಮೂಲವನ್ನು ನೋಡಿ ವಿಂಗಡಿಸುತ್ತಿದ್ದರು. ಸಸ್ಯ ಮತ್ತು ಪ್ರಾಣಿಗಳ ಶರೀರದಿಂದ ದೊರೆತವು ಸಾವಯವ. ಕಲ್ಲು, ಮಣ್ಣು, ಅದಿರುಗಳಿಂದ ದೊರೆತವು ನಿರವಯವ. ಸಾವಯವ ವಸ್ತುವನ್ನು ಪ್ರಯೋಗಾಲಯದಲ್ಲಿ ತಯಾರಿಸಲಾಗದು, ಅದಕ್ಕೆ ಜೀವಿಯಲ್ಲಿ ಮಾತ್ರ ಇರುವ ಒಂದು ‘ಜೀವಶಕ್ತಿ’ ಬೇಕು ಎಂಬ ನಂಬಿಕೆಯಿತ್ತು. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಎಂಬ ರಸಾಯನಶಾಸ್ತ್ರಜ್ಞ, ನಿರವಯವವೆಂದು ಎಣಿಸಲಾಗಿದ್ದ ಅಮೋನಿಯಂ ಸಯನೇಟ್ ಎಂಬ ಲವಣದಿಂದ ಯೂರಿಯಾವನ್ನು ಪಡೆದನು. ಅದುವರೆಗೆ ಯೂರಿಯಾ ಮೂತ್ರದಲ್ಲಿ ದೊರೆಯುವ ವಸ್ತುವೆಂದೇ ಪ್ರಸಿದ್ಧವಾಗಿತ್ತು. ಮೂತ್ರಪಿಂಡದ ನೆರವಿಲ್ಲದೆ ಅದು ಗಾಜಿನ ಪಾತ್ರೆಯಲ್ಲಿ ಉಂಟಾಯಿತು. ಇಂದು ಮುಂಗಾರಿನಲ್ಲಿ ಮೆಕ್ಕೆಜೋಳಕ್ಕಾಗಿ ರೈತರು ಸಾಲುಗಟ್ಟಿ ಕೊಳ್ಳುವ 45 ಕಿಲೋಗ್ರಾಂ ತೂಕದ ಚೀಲದಲ್ಲಿರುವುದು ಅದೇ ವಸ್ತು. ಅದರಲ್ಲಿ ನೂರಕ್ಕೆ 46ರಷ್ಟು, ಅಂದರೆ ಚೀಲವೊಂದಕ್ಕೆ 20 ಕಿಲೋಗ್ರಾಂಗಿಂತ ತುಸು ಹೆಚ್ಚು ನೈಟ್ರೋಜನ್ ಇದೆ.

ಮೂಲವನ್ನು ನೋಡಿ ಕುಲ ನಿರ್ಧರಿಸುವ ಕ್ರಮ ಹೀಗೆ ಸಡಿಲಗೊಂಡಿತು. ಮುಂದೆ ಸಾವಯವ ಎಂಬ ಪದಕ್ಕೆ ರಸಾಯನಶಾಸ್ತ್ರದಲ್ಲಿ ಉಳಿದ ಅರ್ಥ ಒಂದೇ: ಕಾರ್ಬನ್‌ನ ಸಂಯುಕ್ತ. (ಕಾರ್ಬನ್ ಡೈಆಕ್ಸೈಡ್, ಸುಣ್ಣದಕಲ್ಲಿನಂತಹ ಕಾರ್ಬೋನೇಟುಗಳು ರೂಢಿಯ ಪ್ರಕಾರ ಇದಕ್ಕೆ ಹೊರತು.) ಬೇಸಾಯದ ‘ಸಾವಯವ’ ಹಳೆಯ ಅರ್ಥವನ್ನೇ ಹಿಡಿದು ನಡೆದಿದೆ. ಎರಡೂ ತಪ್ಪಲ್ಲ, ಪರೀಕ್ಷೆಯಲ್ಲಿ ಮಾತ್ರ ಒಂದರ ಬದಲು ಇನ್ನೊಂದನ್ನು ಬರೆಯಬಾರದು.

ಕಾರ್ಬನ್ ಪರಮಾಣುವಿಗೆ ನಾಲ್ಕು ಬಂಧಗಳನ್ನು ಏರ್ಪಡಿಸಿಕೊಳ್ಳುವ ಸಾಮರ್ಥ್ಯವಿದೆ. ಅದು ಇನ್ನೊಂದು ಕಾರ್ಬನ್ ಜೊತೆ, ಮತ್ತೊಂದರ ಜೊತೆ ಹೀಗೆ ಸರಪಳಿಯಾಗಿ, ಕವಲಾಗಿ, ಉಂಗುರವಾಗಿ ಜೋಡಣೆಗೊಳ್ಳಬಲ್ಲದು. ಆದುದರಿಂದಲೇ ಕಾರ್ಬನ್ ಸಂಯುಕ್ತಗಳ ಸಂಖ್ಯೆ ಲಕ್ಷಗಳನ್ನು ಮೀರಿ ಕೋಟಿಗಳನ್ನು ಮುಟ್ಟಿದೆ. ಇವನ್ನು ಒಂದೊಂದಾಗಿ ಕಂಠಪಾಠ ಮಾಡುವುದು ಯಾರಿಂದಲೂ ಸಾಧ್ಯವಿಲ್ಲ. ಆದರೆ ಪ್ರತಿಯೊಂದು ಅಣುವನ್ನೂ ಎರಡು ಭಾಗವಾಗಿ ನೋಡಬಹುದು. ಒಂದು, ಕಾರ್ಬನ್ ಮತ್ತು ಹೈಡ್ರೋಜನ್‌ಗಳ ಸರಪಳಿ. ಇದು ಬಹುಮಟ್ಟಿಗೆ ಸುಮ್ಮನಿರುವ ಭಾಗ. ಇನ್ನೊಂದು, ಆ ಸರಪಳಿಗೆ ಅಂಟಿಕೊಂಡಿರುವ ಆಕ್ಸಿಜನ್, ನೈಟ್ರೋಜನ್, ಗಂಧಕ ಮೊದಲಾದ ಬೇರೆ ಪರಮಾಣುಗಳ ಸಣ್ಣ ಗುಂಪು. ರಾಸಾಯನಿಕ ಕ್ರಿಯೆ ನಡೆಯುವುದು ಹೆಚ್ಚಾಗಿ ಇಲ್ಲಿ. ಇದಕ್ಕೆ ಕ್ರಿಯಾಗುಂಪು ಎಂದು ಹೆಸರು. ಒಂದೇ ಕ್ರಿಯಾಗುಂಪನ್ನು ಹೊಂದಿ, ಸರಪಳಿಯ ಉದ್ದದಲ್ಲಿ ಮಾತ್ರ ಒಂದೊಂದು ಕಾರ್ಬನ್ ಮತ್ತು ಎರಡೆರಡು ಹೈಡ್ರೋಜನ್‌ಗಳಷ್ಟು ವ್ಯತ್ಯಾಸವಾಗುತ್ತ ಹೋಗುವ ಸಂಯುಕ್ತಗಳ ಸಾಲು ಅನುರೂಪ ಶ್ರೇಣಿ.

ಕ್ರಿಯಾಗುಂಪಿಗೆ ಇಷ್ಟು ಮಹತ್ವ ಏಕೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಎರಡು ಕಾರ್ಬನ್, ಆರು ಹೈಡ್ರೋಜನ್, ಒಂದು ಆಕ್ಸಿಜನ್ ಪರಮಾಣುಗಳನ್ನು ಎರಡು ರೀತಿಯಲ್ಲಿ ಜೋಡಿಸಬಹುದು. ಆಕ್ಸಿಜನ್ ಸರಪಳಿಯ ತುದಿಯಲ್ಲಿ ನಿಂತು ಒಂದು ಹೈಡ್ರೋಜನ್ನನ್ನು ಹಿಡಿದರೆ ಅದು ಎಥನಾಲ್, 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರವ. ಅದೇ ಆಕ್ಸಿಜನ್ ಎರಡು ಕಾರ್ಬನ್‌ಗಳ ನಡುವೆ ಸೇತುವೆಯಾಗಿ ಕುಳಿತರೆ ಅದು ಡೈಮೀಥೈಲ್ ಈಥರ್. ಸೊನ್ನೆಗಿಂತ 24 ಡಿಗ್ರಿ ಕೆಳಗೇ ಕುದಿದುಹೋಗುವ ಅನಿಲ. ಪರಮಾಣುಗಳ ಲೆಕ್ಕ ಒಂದೇ, ಕುಟುಂಬ ಬೇರೆ. ಆಕ್ಸಿಜನ್‌ಗೆ ಹೈಡ್ರೋಜನ್ ಅಂಟಿರುವ ಹೈಡ್ರಾಕ್ಸಿಲ್ ಗುಂಪಿನ ಅಣುಗಳು ಪರಸ್ಪರ ಸೆಳೆದು ಹಿಡಿದುಕೊಳ್ಳುತ್ತವೆ. ಈಥರ್ ಅಣುಗಳಿಗೆ ಆ ಹಿಡಿತವಿಲ್ಲ. ವೋಲರನ ಅಮೋನಿಯಂ ಸಯನೇಟ್ ಮತ್ತು ಯೂರಿಯಾಗಳ ಸಂಬಂಧವೂ ಇಂಥದೇ: ಅವೇ ಪರಮಾಣುಗಳು, ಬೇರೆ ಜೋಡಣೆ. ಇಂತಹ ಜೋಡಿಗಳನ್ನು ಸಮಾಂಗಿಗಳು ಎನ್ನುತ್ತಾರೆ.

ಇನ್ನು ಕುಟುಂಬಗಳನ್ನು ನೋಡಬಹುದು. ಕಾರ್ಬನ್ ಮತ್ತು ಹೈಡ್ರೋಜನ್ ಮಾತ್ರ ಇರುವವು ಹೈಡ್ರೋಕಾರ್ಬನ್‌ಗಳು. ಸಗಣಿ ಅನಿಲದ ಮುಖ್ಯ ಅಂಶವಾದ ಮೀಥೇನ್, ಅಡುಗೆ ಅನಿಲದ ಸಿಲಿಂಡರಿನಲ್ಲಿರುವ ಪ್ರೊಪೇನ್ ಮತ್ತು ಬ್ಯೂಟೇನ್ ಈ ಗುಂಪಿನ ಆಲ್ಕೇನ್ ಶ್ರೇಣಿಯವು. ಸರಪಳಿ ಉದ್ದವಾದಂತೆ ಕುದಿಯುವ ಬಿಂದು ಏರುವುದನ್ನು ಇಲ್ಲಿಯೇ ಗಮನಿಸಬಹುದು: ಮೀಥೇನ್ ಸೊನ್ನೆಗಿಂತ ಸುಮಾರು 161 ಡಿಗ್ರಿ ಕೆಳಗೆ, ಪ್ರೊಪೇನ್ 42 ಡಿಗ್ರಿ ಕೆಳಗೆ, ಬ್ಯೂಟೇನ್ ಸೊನ್ನೆಯ ಆಸುಪಾಸಿನಲ್ಲಿ ಕುದಿಯುತ್ತವೆ. ಎರಡು ಕಾರ್ಬನ್‌ಗಳ ನಡುವೆ ದ್ವಿಬಂಧವಿದ್ದರೆ ಆಲ್ಕೀನ್, ತ್ರಿಬಂಧವಿದ್ದರೆ ಆಲ್ಕೈನ್. ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದು ಅದಕ್ಕೆ ಬೆರೆಸುವ ಕೆಟ್ಟ ವಾಸನೆಯ ವಸ್ತು ಥಯಾಲ್ ಎಂಬ ಬೇರೆ ಕುಟುಂಬದ್ದು. ಆಲ್ಕೋಹಾಲಿನ ಆಕ್ಸಿಜನ್ ಇರಬೇಕಾದ ಸ್ಥಾನದಲ್ಲಿ ಅಲ್ಲಿ ಗಂಧಕವಿದೆ.

ಹಡಗಲಿಯ ಮಲ್ಲಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹೂವು. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ತುಂಗಭದ್ರೆಯ ಮೇಲೆ ಹಡಗುಗಳಲ್ಲಿ ಹಂಪಿಗೆ ಹೂವು ಹೋಗುತ್ತಿತ್ತೆಂದೂ, ಊರಿಗೆ ಹೂವಿನ ಹಡಗಲಿ ಎಂಬ ಹೆಸರು ಅದರಿಂದಲೇ ಬಂದಿತೆಂದೂ ಪ್ರತೀತಿಯಿದೆ. ಮಲ್ಲಿಗೆ ಜಾತಿಯ ಹೂಗಳ ಪರಿಮಳವನ್ನು ಬಿಡಿಸಿ ನೋಡಿದರೆ ಅದು ಒಂದು ವಸ್ತುವಲ್ಲ, ಹಲವು ಕುಟುಂಬಗಳ ಕೂಟ. ಬೆಂಜೈಲ್ ಅಸಿಟೇಟ್ ಒಂದು ಎಸ್ಟರ್. ಲಿನಲೂಲ್ ಒಂದು ಆಲ್ಕೋಹಾಲ್. ಜಾಸ್ಮೋನ್ ಒಂದು ಕೀಟೋನ್. ಅದಕ್ಕೆ ಆ ಹೆಸರು ಬಂದದ್ದೇ ಮಲ್ಲಿಗೆಯಿಂದ. ಜೊತೆಗೆ ನೈಟ್ರೋಜನ್ ಇರುವ ಉಂಗುರ ರಚನೆಯ ಇಂಡೋಲ್ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಇದೇ ಇಂಡೋಲ್ ಸಾಂದ್ರವಾಗಿದ್ದರೆ ಮಲದ ದುರ್ವಾಸನೆ. ಒಂದೇ ಹೂವು ನಾಲ್ಕು ಕುಟುಂಬಗಳಿಗೆ ಉದಾಹರಣೆಯಾಗುವಾಗ, ‘ಹೂವಿನಿಂದ ಬಂದವು’ ಎಂಬ ಮೂಲಾಧಾರಿತ ವರ್ಗೀಕರಣ ಏಕೆ ನಿಲ್ಲಲಿಲ್ಲವೆಂಬುದು ತಾನೇ ಸ್ಪಷ್ಟವಾಗುತ್ತದೆ.

ಎಸ್ಟರ್ ಎಂದರೆ ಒಂದು ಆಮ್ಲ ಮತ್ತು ಒಂದು ಆಲ್ಕೋಹಾಲ್ ಸೇರಿ, ನೀರಿನ ಅಣುವೊಂದನ್ನು ಕಳೆದುಕೊಂಡು ಉಂಟಾದ ಸಂಯುಕ್ತ. ಸಣ್ಣ ಎಸ್ಟರ್‌ಗಳು ಆವಿಯಾಗಿ ಮೂಗಿಗೆ ತಲುಪುತ್ತವೆ. ಬಾಳೆಹಣ್ಣಿನ ವಾಸನೆಯೂ ಅಂತಹದೊಂದು. ದೊಡ್ಡ ಎಸ್ಟರ್‌ಗಳು ಆವಿಯಾಗುವುದಿಲ್ಲ. ಕೂಡ್ಲಿಗಿ, ಹರಪನಹಳ್ಳಿಗಳ ಹೊಲದಲ್ಲಿ ಬೆಳೆಯುವ ಶೇಂಗಾದ ಎಣ್ಣೆ ಈ ಎರಡನೆಯ ಬಗೆಯದು. ಗ್ಲಿಸರಾಲ್ ಎಂಬ ಆಲ್ಕೋಹಾಲಿಗೆ ಮೂರು ಹೈಡ್ರಾಕ್ಸಿಲ್ ಗುಂಪುಗಳಿವೆ; ಮೂರಕ್ಕೂ ಒಂದೊಂದು ಉದ್ದನೆಯ ಕೊಬ್ಬಿನ ಆಮ್ಲ ಅಂಟಿಕೊಂಡರೆ ಎಣ್ಣೆಯ ಅಣು. ಶೇಂಗಾ ಎಣ್ಣೆಯಲ್ಲಿ ಒಂದು ದ್ವಿಬಂಧವಿರುವ ಓಲಿಯಿಕ್ ಆಮ್ಲದ ಪಾಲು ದೊಡ್ಡದು. ಎರಡು ದ್ವಿಬಂಧಗಳ ಲಿನೊಲಿಯಿಕ್ ಆಮ್ಲವೂ ಇದೆ. ಹಳೆಯ ಎಣ್ಣೆ ಕಮಟು ವಾಸನೆ ಬರುವುದು ಈ ದ್ವಿಬಂಧಗಳ ಬಳಿ ಗಾಳಿಯ ಆಕ್ಸಿಜನ್ ಕೈಹಾಕುವುದರಿಂದ. ಆಗ ಸರಪಳಿ ತುಂಡಾಗಿ ಆಲ್ಡಿಹೈಡ್‌ಗಳು ಮೊದಲಾದ ಚಿಕ್ಕ ಅಣುಗಳು ಹೊರಬೀಳುತ್ತವೆ. ಎಣ್ಣೆಯನ್ನು ಕಾಸ್ಟಿಕ್ ಸೋಡಾದೊಡನೆ ಕಾಯಿಸಿದರೆ ಎಸ್ಟರ್ ಬಂಧ ಮುರಿದು ಸಾಬೂನು ಮತ್ತು ಗ್ಲಿಸರಾಲ್ ದೊರೆಯುತ್ತವೆ. ಹೊಂಗೆ ಎಣ್ಣೆಯಾದರೂ ಅಷ್ಟೇ, ಬೇವಿನೆಣ್ಣೆಯಾದರೂ ಅಷ್ಟೇ. ಕುಟುಂಬ ಒಂದಾದ್ದರಿಂದ ಕ್ರಿಯೆಯೂ ಒಂದು.

ಹರಳೆಣ್ಣೆ ಮಾತ್ರ ಶೇಂಗಾ ಎಣ್ಣೆಗಿಂತ ಏಕೆ ಅಷ್ಟು ಮಂದ ಎಂಬ ಪ್ರಶ್ನೆ ಮನೆಯಲ್ಲಿ ಎದ್ದಿರಬಹುದು. ಅದರ ಮುಖ್ಯ ಆಮ್ಲವಾದ ರಿಸಿನೊಲಿಯಿಕ್ ಆಮ್ಲದ ಸರಪಳಿಯ ನಡುವೆ ಒಂದು ಹೈಡ್ರಾಕ್ಸಿಲ್ ಗುಂಪು ಹೆಚ್ಚಿಗೆ ಇದೆ. ಎಥನಾಲ್ ಅಣುಗಳು ಪರಸ್ಪರ ಹಿಡಿದುಕೊಳ್ಳುವಂತೆ ಇವೂ ಹಿಡಿದುಕೊಳ್ಳುತ್ತವೆ. ಹೀಗೆ ಒಂದೇ ಅಣು ಎರಡು ಕುಟುಂಬಗಳ ಲಕ್ಷಣವನ್ನು ಹೊತ್ತಿರಬಹುದು. ಪಠ್ಯಪುಸ್ತಕದ ಕೋಷ್ಟಕ ಇದನ್ನು ಹೇಳುವುದಿಲ್ಲ. ಅಡುಗೆಮನೆ ಮತ್ತು ಹೊಲಗಳು ಹೇಳುತ್ತವೆ.

ಹುಳಿಯೂ ಅಂಥದೇ. ಕಾರ್ಬಾಕ್ಸಿಲಿಕ್ ಆಮ್ಲಗಳ ಕುಟುಂಬದಲ್ಲಿ ವಿನೆಗರ್‌ನ ಎಥನೋಯಿಕ್ ಆಮ್ಲಕ್ಕೆ ಒಂದು ಕಾರ್ಬಾಕ್ಸಿಲ್ ಗುಂಪು. ಹುಣಸೆಯ ಟಾರ್ಟಾರಿಕ್ ಆಮ್ಲಕ್ಕೆ ಎರಡು ಕಾರ್ಬಾಕ್ಸಿಲ್ ಗುಂಪುಗಳು, ಜೊತೆಗೆ ಎರಡು ಹೈಡ್ರಾಕ್ಸಿಲ್ ಗುಂಪುಗಳು. ಕಪ್ಪು ಮಣ್ಣಿನ ಹೊಲದಲ್ಲಿ ಬೆಳೆದ ಕಡಲೆ ಗಿಡದ ನಡುವೆ ಮುಂಜಾನೆ ನಡೆದವರಿಗೆ ಕಾಲಿಗೆ ಹತ್ತುವ ಹುಳಿಯ ಅನುಭವವಿರುತ್ತದೆ. ಬಟ್ಟೆ ಹಾಸಿ ಆ ಹುಳಿಯನ್ನು ಹಿಂಡಿ ಸಂಗ್ರಹಿಸುವ ರೂಢಿಯೂ ಇದೆ. ಅದರಲ್ಲಿರುವ ಮ್ಯಾಲಿಕ್ ಆಮ್ಲವನ್ನು ಟಾರ್ಟಾರಿಕ್ ಆಮ್ಲದೊಂದಿಗೆ ಹೋಲಿಸಿದರೆ ಒಂದು ಹೈಡ್ರಾಕ್ಸಿಲ್ ಗುಂಪು ಮಾತ್ರ ಕಡಿಮೆ. ಅದೇ ಹುಳಿಯಲ್ಲಿರುವ ಆಕ್ಸಾಲಿಕ್ ಆಮ್ಲಕ್ಕೆ ಸರಪಳಿಯೇ ಇಲ್ಲ, ಎರಡು ಕಾರ್ಬಾಕ್ಸಿಲ್ ಗುಂಪುಗಳು ನೇರವಾಗಿ ಕೈಹಿಡಿದಿವೆ. ಇವೆಲ್ಲವೂ ಅಡುಗೆ ಸೋಡಾದೊಂದಿಗೆ ನೊರೆಯುಕ್ಕಿಸುತ್ತವೆ, ತಾಮ್ರದ ಕೊಡದ ಕಪ್ಪನ್ನು ಕರಗಿಸುತ್ತವೆ.

ಕಾರ್ಬನ್ ಮತ್ತು ಆಕ್ಸಿಜನ್ ನಡುವೆ ದ್ವಿಬಂಧವಿರುವ ಕಾರ್ಬೊನಿಲ್ ಗುಂಪು ಸರಪಳಿಯ ತುದಿಯಲ್ಲಿದ್ದರೆ ಆಲ್ಡಿಹೈಡ್, ಒಳಗಿದ್ದರೆ ಕೀಟೋನ್. ಶಾಲೆಯ ಪ್ರಯೋಗಾಲಯದಲ್ಲಿ ಹಾವು, ಕಪ್ಪೆಗಳನ್ನು ಇಟ್ಟಿರುವ ಫಾರ್ಮಲಿನ್, ಮೀಥನಲ್ ಎಂಬ ಆಲ್ಡಿಹೈಡಿನ ದ್ರಾವಣ. ಕೊಟ್ಟೂರೇಶ್ವರ ಸ್ವಾಮಿಯ ತೇರಿನ ದಿನ ಭಕ್ತರು ಉರಿಸುವ ಕರ್ಪೂರ ಹತ್ತು ಕಾರ್ಬನ್‌ಗಳ ಒಂದು ಕೀಟೋನ್. ಉಗುರುಬಣ್ಣ ತೆಗೆಯುವ ಅಸಿಟೋನ್ ಅದರ ದೂರದ ಬಂಧು. ಇಂದು ಅಂಗಡಿಯಲ್ಲಿ ಸಿಗುವ ಕರ್ಪೂರ ಬಹುಮಟ್ಟಿಗೆ ಟರ್ಪೆಂಟೈನ್‌ನಿಂದ ಕಾರ್ಖಾನೆಯಲ್ಲಿ ತಯಾರಾದದ್ದು. ಕಲ್ಲುಸಕ್ಕರೆಯೆಂದು ಎಳೆಯ ಮಗು ಅದನ್ನು ನುಂಗಿದರೆ ಫಿಟ್ಸ್ ಬರಬಹುದು. ಆದುದರಿಂದ ಪೂಜಾ ಸಾಮಗ್ರಿಯನ್ನು ಮಕ್ಕಳ ಕೈಗೆ ಎಟುಕದಂತೆ ಇಡಬೇಕು.

ಹೆಸರಿಡುವಾಗ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಒಂದು ವಿಶೇಷ ತೊಡಕಿದೆ. ಆಲ್ಕೋಹಾಲಿನ ಹೆಸರಿನ ಕೊನೆಯ ಅಕ್ಷರಗಳೂ ಆಲ್ಡಿಹೈಡಿನ ಹೆಸರಿನ ಕೊನೆಯ ಅಕ್ಷರಗಳೂ ಕನ್ನಡ ಲಿಪಿಯಲ್ಲಿ ಬಹುತೇಕ ಒಂದೇ ಆಗಿ ಕಾಣುತ್ತವೆ. ‘ಎಥನಾಲ್’ ಆಲ್ಕೋಹಾಲ್, ‘ಎಥನಲ್’ ಆಲ್ಡಿಹೈಡ್. ಒಂದು ದೀರ್ಘದಲ್ಲಿ ಕುಟುಂಬವೇ ಬದಲಾಗುತ್ತದೆ. ಉತ್ತರ ಬರೆಯುವಾಗ ಹೆಸರಿನ ಪಕ್ಕದಲ್ಲಿ ರಚನೆಯನ್ನೂ ಬರೆಯುವುದು ಕ್ಷೇಮ. ಕೀಟೋನಿಗೆ ‘ಓನ್’, ಆಮ್ಲಕ್ಕೆ ‘ಓಯಿಕ್ ಆಮ್ಲ’ ಎಂಬ ಅಂತ್ಯಗಳಲ್ಲಿ ಈ ಗೊಂದಲವಿಲ್ಲ.

ಕುಟುಂಬ ತಿಳಿದರೆ ಕ್ರಿಯೆ ತಿಳಿಯುತ್ತದೆ ಎಂಬುದು ಇಲ್ಲಿಯವರೆಗಿನ ಮಾತು. ಕುಟುಂಬ ತಿಳಿದ ಮಾತ್ರಕ್ಕೆ ವಸ್ತು ಸುರಕ್ಷಿತವೋ ಅಲ್ಲವೋ ತಿಳಿಯುವುದಿಲ್ಲ ಎಂಬುದು ಅಷ್ಟೇ ಮುಖ್ಯ. ಮೀಥನಾಲ್ ಮತ್ತು ಎಥನಾಲ್ ಅಕ್ಕಪಕ್ಕದ ಆಲ್ಕೋಹಾಲ್‌ಗಳು. ವ್ಯತ್ಯಾಸ ಒಂದು ಕಾರ್ಬನ್ ಮತ್ತು ಎರಡು ಹೈಡ್ರೋಜನ್ ಮಾತ್ರ. ಎರಡೂ ಬಣ್ಣವಿಲ್ಲದ ದ್ರವಗಳು, ವಾಸನೆಯಿಂದ ಸಾಮಾನ್ಯರು ಬೇರ್ಪಡಿಸಲಾರರು. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಮೀಥನಾಲ್ ಬೆರೆತ ಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿ ಭಾಗದಲ್ಲಿ ಅದೇ ದುರಂತ ಮರುಕಳಿಸಿ 150ಕ್ಕೂ ಹೆಚ್ಚು ಜೀವಗಳು ಹೋದವು.

ಇದರ ಕಾರಣ ಕುಟುಂಬದ ಹೊರಗಿಲ್ಲ, ಒಳಗೇ ಇದೆ. ಯಕೃತ್ತಿನ ಕಿಣ್ವವು ಆಲ್ಕೋಹಾಲನ್ನು ಉತ್ಕರ್ಷಿಸಿ ಆಲ್ಡಿಹೈಡ್ ಆಗಿ, ಮುಂದೆ ಆಮ್ಲವಾಗಿ ಮಾರ್ಪಡಿಸುತ್ತದೆ. ಎಥನಾಲ್ ಆದರೆ ಎಥನಲ್, ಬಳಿಕ ಎಥನೋಯಿಕ್ ಆಮ್ಲ. ಇದನ್ನು ಶರೀರವು ಉರಿಸಿ ಮುಗಿಸಬಲ್ಲದು. ಅದೇ ಕಿಣ್ವ, ಅದೇ ಕ್ರಿಯೆ ಮೀಥನಾಲಿನ ಮೇಲೆ ನಡೆದಾಗ ಮೀಥನಲ್, ಅನಂತರ ಮೀಥನೋಯಿಕ್ ಆಮ್ಲ ಉಂಟಾಗುತ್ತವೆ. ಈ ಆಮ್ಲವನ್ನು ಶರೀರ ಬೇಗನೆ ಹೊರಹಾಕಲಾರದು. ಅದು ರಕ್ತವನ್ನು ಆಮ್ಲೀಯಗೊಳಿಸಿ ಕಣ್ಣಿನ ನರವನ್ನು ನಾಶಮಾಡುತ್ತದೆ. 10 ಮಿಲಿಲೀಟರ್‌ನಷ್ಟು ಮೀಥನಾಲ್ ಕೂಡ ದೃಷ್ಟಿ ಕಳೆಯಬಲ್ಲದು. ಚಿಕಿತ್ಸೆಯೂ ಇದೇ ಬಾಂಧವ್ಯವನ್ನು ಅವಲಂಬಿಸಿದೆ. ಎಥನಾಲ್ ಕೊಟ್ಟರೆ ಕಿಣ್ವವು ಮೊದಲು ಅದನ್ನೇ ಹಿಡಿಯುತ್ತದೆ, ಮೀಥನಾಲ್ ಆಮ್ಲವಾಗದೆ ನಿಧಾನವಾಗಿ ಹೊರಹೋಗಲು ಅವಕಾಶ ಸಿಗುತ್ತದೆ. ಇದು ಆಸ್ಪತ್ರೆಯಲ್ಲಿ ವೈದ್ಯರು ಅಳೆದು ಮಾಡುವ ಚಿಕಿತ್ಸೆ, ಮನೆಮದ್ದಲ್ಲ. ಶಾಲೆಯ ಸ್ಪಿರಿಟ್ ದೀಪದಲ್ಲಿ ಬಳಸುವ ಸ್ಪಿರಿಟ್ಟಿಗೆ ಕುಡಿಯಬಾರದೆಂದೇ ಮೀಥನಾಲ್ ಮೊದಲಾದವನ್ನು ಬೆರೆಸಿರುತ್ತಾರೆ. ಆ ಸೀಸೆಗೆ ಹೆಸರಿನ ಚೀಟಿ ಅಂಟಿಸಿ ಬೀರುವಿನಲ್ಲಿ ಬೀಗ ಹಾಕಿ ಇಡುವುದು ವಿಜ್ಞಾನ ಶಿಕ್ಷಕರ ಹೊಣೆ.

ಕೀಟನಾಶಕದ ಡಬ್ಬಿಯ ಮೇಲೂ ಇದೇ ಪಾಠವಿದೆ. ದೊಡ್ಡ ಅಕ್ಷರದಲ್ಲಿರುವುದು ಕಂಪನಿಯಿಟ್ಟ ಮಾರಾಟದ ಹೆಸರು. ಸಣ್ಣ ಅಕ್ಷರದಲ್ಲಿರುವುದು ರಾಸಾಯನಿಕದ ಹೆಸರು. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ಎಂಬಂತೆ ‘ಫಾಸ್’ ಎಂದು ಮುಗಿಯುವವು ಫಾಸ್ಫಾರಿಕ್ ಆಮ್ಲ ಹಾಗೂ ಅದರ ಗಂಧಕಯುಕ್ತ ರೂಪಗಳ ಎಸ್ಟರ್‌ಗಳು. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಎಂಬಂತೆ ‘ಥ್ರಿನ್’ ಎಂದು ಮುಗಿಯುವವು ಪೈರೆಥ್ರಾಯ್ಡ್‌ಗಳು. ಆದರೆ ಅಂತ್ಯವೊಂದನ್ನೇ ನಂಬುವಂತಿಲ್ಲ. ಡೈಮೀಥೊಯೇಟ್, ಅಸಿಫೇಟ್, ಮೆಲಾಥಿಯಾನ್ ಕೂಡ ಮೊದಲನೆಯ ಕುಟುಂಬದವೇ. ನಮ್ಮ ನರಗಳಲ್ಲಿ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಸ್ವತಃ ಒಂದು ಎಸ್ಟರ್. ಕೆಲಸ ಮುಗಿದೊಡನೆ ಅದನ್ನು ಮುರಿಯುವ ಕಿಣ್ವವೊಂದಿದೆ. ಫಾಸ್ಫರಸ್ ಇರುವ ಈ ಎಸ್ಟರ್‌ಗಳು ಆ ಕಿಣ್ವಕ್ಕೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತವೆ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ವಿಪರೀತ ಬೆವರು, ಕಿರಿದಾದ ಪಾಪೆ, ಉಸಿರಾಟದ ತೊಂದರೆ ಇದರ ಲಕ್ಷಣಗಳು. ಇದಕ್ಕೆ ವೈದ್ಯರು ಅಟ್ರೋಪಿನ್ ಕೊಡುತ್ತಾರೆ. ಪೈರೆಥ್ರಾಯ್ಡ್‌ಗಳ ದಾರಿ ಬೇರೆ, ಚಿಕಿತ್ಸೆಯೂ ಬೇರೆ. ಆದುದರಿಂದ ವಿಷ ತಗುಲಿದವರ ಬಟ್ಟೆ ತೆಗೆದು, ಮೈಯನ್ನು ಸಾಬೂನು ನೀರಿನಿಂದ ತೊಳೆದು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸುವಾಗ ಆ ಡಬ್ಬಿಯನ್ನೂ ಚೀಲದಲ್ಲಿ ಸುತ್ತಿ ಒಯ್ಯಬೇಕು. ವಾಂತಿ ಮಾಡಿಸಲು ಹೋಗಬಾರದು. ಓದಲು ಬಲ್ಲ ಹತ್ತನೇ ತರಗತಿಯ ಮಗು ಆ ಸಣ್ಣ ಅಕ್ಷರದ ಹೆಸರನ್ನು ವೈದ್ಯರಿಗೆ ಓದಿ ಹೇಳಿದರೆ ಅಮೂಲ್ಯ ನಿಮಿಷಗಳು ಉಳಿಯುತ್ತವೆ.

ಬೆಳೆಯ ವಿಷಯದಲ್ಲಿಯೂ ಈ ಹೆಸರು ಉಪಯುಕ್ತ. ಹುಳು ಸಾಯಲಿಲ್ಲವೆಂದು ಬೇರೆ ಕಂಪನಿಯ ಡಬ್ಬಿ ತಂದರೂ ಒಳಗಿನ ರಾಸಾಯನಿಕ ಅದೇ ಕುಟುಂಬದ್ದಾಗಿದ್ದರೆ, ಅದಕ್ಕೆ ಒಗ್ಗಿಹೋದ ಹುಳು ಇದಕ್ಕೂ ಸಾಮಾನ್ಯವಾಗಿ ಜಗ್ಗದು. ಹಣ ಹೋಗುತ್ತದೆ, ವಿಷ ಹೊಲದಲ್ಲಿ ಉಳಿಯುತ್ತದೆ.

ಅಭ್ಯಾಸಕ್ಕಾಗಿ: ಹುಣಸೆ ರಸ, ನಿಂಬೆ ರಸ, ಮಜ್ಜಿಗೆ ಮತ್ತು ಸಕ್ಕರೆ ನೀರನ್ನು ನಾಲ್ಕು ಪ್ರನಾಳಗಳಲ್ಲಿ ತೆಗೆದುಕೊಂಡು ಚಿಟಿಕೆ ಅಡುಗೆ ಸೋಡಾ ಹಾಕಿ, ಹೊರಬರುವ ಅನಿಲವನ್ನು ಸುಣ್ಣದ ತಿಳಿನೀರಿಗೆ ಹಾಯಿಸಿ. ಎಲ್ಲಿ ತಿಳಿನೀರು ಹಾಲಿನಂತಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂಬುದನ್ನು ಬರೆದು, ಕಾರಣವನ್ನು ಕ್ರಿಯಾಗುಂಪಿನ ಹೆಸರಿನೊಂದಿಗೆ ತಿಳಿಸಿ. ಎಥನಾಲ್ ಮತ್ತು ಎಥನೋಯಿಕ್ ಆಮ್ಲಕ್ಕೆ ಕೆಲವು ಹನಿ ಪ್ರಬಲ ಸಲ್ಫ್ಯೂರಿಕ್ ಆಮ್ಲ ಸೇರಿಸಿ ಬಿಸಿನೀರಿನಲ್ಲಿ ಕಾಯಿಸುವ ಪ್ರಯೋಗವನ್ನು ಶಿಕ್ಷಕರೇ ಮಾಡಿ ತೋರಿಸಬೇಕು. ಬರುವ ಸುವಾಸನೆ ಯಾವ ಕುಟುಂಬದ್ದೆಂದು ವಿದ್ಯಾರ್ಥಿಗಳು ಗುರುತಿಸಲಿ. ಮೂರು ಕಾರ್ಬನ್, ಆರು ಹೈಡ್ರೋಜನ್, ಒಂದು ಆಕ್ಸಿಜನ್ ಪರಮಾಣುಗಳಿಂದ ಒಂದು ಆಲ್ಡಿಹೈಡನ್ನೂ ಒಂದು ಕೀಟೋನನ್ನೂ ರಚಿಸಿ ಹೆಸರಿಸಿ. ಮನೆಯಲ್ಲಿ ಹಿರಿಯರ ಸಮ್ಮುಖದಲ್ಲಿ, ಮುಚ್ಚಳ ತೆಗೆಯದೆ, ಕೀಟನಾಶಕದ ಡಬ್ಬಿಯೊಂದರ ಮೇಲಿನ ರಾಸಾಯನಿಕ ಹೆಸರನ್ನೂ ಅದರ ಮೇಲಿರುವ ತ್ರಿಕೋನ ಕೆಂಪು, ಹಳದಿ, ನೀಲಿ, ಹಸಿರು ಇವುಗಳಲ್ಲಿ ಯಾವ ಬಣ್ಣದ್ದೆಂಬುದನ್ನೂ ಬರೆದು ತಂದು, ತರಗತಿಯಲ್ಲಿ ಅವನ್ನು ಕುಟುಂಬವಾರು ವಿಂಗಡಿಸಿ. ಡಬ್ಬಿಯನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆದುಕೊಳ್ಳತಕ್ಕದ್ದು.